ಎರಡು ಬಾಟಲಿ, ಒಂಬತ್ತು ಗುಡ್ಡ: ಬಾರ್ಬರೆಸ್ಕೊ ಆರಿಸುವುದು ಹೇಗೆ?

ಅಕ್ಕನ ಮಗ ಇಟಲಿಯ ತೊರೀನೊದಲ್ಲಿ ಓದುತ್ತಿದ್ದಾನೆ. ಕಳೆದ ಸಲ ರಜೆಗೆ ಬೆಂಗಳೂರಿಗೆ ಹೊರಡುವ ಮುಂಚೆ ಬಾರ್ಬರೆಸ್ಕೊ ಎಂಬ ಹಳ್ಳಿಗೆ ಹೋಗಿದ್ದ. ಅಲ್ಲಿನ ಕೆಂಪು ವೈನಿಗೂ ಅದೇ ಹೆಸರು. ಅಲ್ಲಿಂದಲೇ ಫೋನ್ ಮಾಡಿದ. "ಚಿಕ್ಕಮ್ಮ, ಇಲ್ಲಿ ಒಂದೇ ಸಂಘದ ಒಂಬತ್ತು ಬಾಟಲಿ ವೈನ್ ಸಾಲಾಗಿ ಇಟ್ಟಿದ್ದಾರೆ. ಲೇಬಲ್ ಎಲ್ಲ ಒಂದೇ ಥರ ಇದೆ. ಒಂದು ಹೆಸರು ಮಾತ್ರ ಬೇರೆ ಬೇರೆ. ನಿಮಗೆ ಯಾವುದು ತರಲಿ?"

ಒಂಬತ್ತನ್ನೂ ತಗೊಂಡು ಬಾ ಎನ್ನುವ ಆಸೆ ಇತ್ತು. ಆದರೆ ವಿಮಾನದಲ್ಲಿ ಬರುವವರು ಸುಂಕ ಕಟ್ಟದೆ ಭಾರತಕ್ಕೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್ ಮದ್ಯ. 750 ಮಿಲಿಲೀಟರಿನ ಬಾಟಲಿಯಾದರೆ ಎರಡು. ಹಾಗಾದರೆ ಒಂಬತ್ತರಲ್ಲಿ ಯಾವ ಎರಡು? ಅವತ್ತು ಫೋನಿನಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇಟಲಿಗೆ ಹೋಗುವವರಿಗೆ, ಯುರೋಪು ಅಮೆರಿಕಗಳಲ್ಲಿ ಇರುವವರಿಗೆ, ಇಲ್ಲೇ ಅಂಗಡಿಯಲ್ಲಿ ಒಂದು ಬಾಟಲಿ ಕಂಡು ಕೊಳ್ಳಲೋ ಬೇಡವೋ ಎಂದು ನಿಂತವರಿಗೆ ಉಪಯೋಗವಾಗಬಹುದು.

ಮೊದಲು ಆ ಸಂಘದ ವಿಷಯ. ಅದರ ಹೆಸರು ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ. ಬಾರ್ಬರೆಸ್ಕೊದ ಉತ್ಪಾದಕರು ಎಂದಷ್ಟೇ ಅದರ ಅರ್ಥ. ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಪಕ್ಕದಲ್ಲಿ ಈ ಹಳ್ಳಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ದ್ರಾಕ್ಷಿಗೆ ತನ್ನದೇ ಹೆಸರು ಇರಲಿಲ್ಲ. ಪಕ್ಕದ ಬರೋಲೊ ವೈನ್ ಮಾಡುವವರಿಗೆ ಮಾರುತ್ತಿದ್ದರು, ಇಲ್ಲವೇ ಸುಮ್ನೆ ನೆಬ್ಬಿಯೋಲೊ ಎಂದು ಮಾರುತ್ತಿದ್ದರು. ನೆಬ್ಬಿಯೋಲೊ ಎನ್ನುವುದು ದ್ರಾಕ್ಷಿಯ ತಳಿಯ ಹೆಸರು. 1894ರಲ್ಲಿ ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥ ದೊಮೀತ್ಸಿಯೊ ಕವಾತ್ಸಾ ಒಂಬತ್ತು ಬೆಳೆಗಾರರನ್ನು ಸೇರಿಸಿ ಮೊದಲ ಸಹಕಾರ ಸಂಘ ಕಟ್ಟಿದರು. 1920ರ ದಶಕದಲ್ಲಿ ಫ್ಯಾಸಿಸ್ಟ್ ಆಳ್ವಿಕೆಯ ಕಾಲದಲ್ಲಿ ಅದು ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ ದೊನ್ ಫಿಯೊರೀನೊ ಮರೆಂಗೊ ಹತ್ತೊಂಬತ್ತು ಸಣ್ಣ ಬೆಳೆಗಾರರನ್ನು ಒಟ್ಟುಗೂಡಿಸಿ ಮತ್ತೆ ಶುರು ಮಾಡಿದರು. ಊರು ಬಿಟ್ಟು ಹೋಗುತ್ತಿದ್ದ ಜನರನ್ನು ಉಳಿಸಿಕೊಳ್ಳಲು ಅವರಿಗೆ ಬೇರೆ ದಾರಿ ಕಾಣಲಿಲ್ಲ. ಮೊದಲ ಮೂರು ವರ್ಷದ ವೈನನ್ನು ಚರ್ಚಿನ ನೆಲಮಾಳಿಗೆಯಲ್ಲೇ ಮಾಡಿದರು.

ನಮ್ಮ ಊರುಗಳ ಹಾಲಿನ ಸೊಸೈಟಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಲಿನ ಫ್ಯಾಟ್ ನೋಡಿ ದುಡ್ಡು ಕೊಡುವ ಹಾಗೆ ಇಲ್ಲಿ ದ್ರಾಕ್ಷಿಯ ಗುಣ ನೋಡಿ ಕೊಡುತ್ತಾರೆ. ಇವತ್ತು 50ಕ್ಕೂ ಹೆಚ್ಚು ಕುಟುಂಬಗಳು, 100 ಹೆಕ್ಟೇರಿಗೂ ಜಾಸ್ತಿ ತೋಟ. ಸದಸ್ಯರು ತಮ್ಮ ನೆಬ್ಬಿಯೋಲೊ ಪೂರ್ತಿ ಸಂಘಕ್ಕೇ ಕೊಡಬೇಕು. 1967ರಿಂದ ಒಳ್ಳೆಯ ವರ್ಷಗಳಲ್ಲಿ ಒಂದೊಂದು ಗುಡ್ಡದ ಹಣ್ಣನ್ನು ಬೇರೆ ಇಟ್ಟು ಬೇರೆ ಬಾಟಲಿ ಮಾಡುತ್ತಿದ್ದಾರೆ. ಈಗ ಅಂಥ ಗುಡ್ಡಗಳು ಒಂಬತ್ತು: ಅಸೀಲಿ, ರಬಾಯಾ, ಪೊರಾ, ಪಾಯೆ, ರಿಯೊ ಸೋರ್ದೊ, ಓವೆಲ್ಲೊ, ಮುಂಕಗೋಟಾ, ಮೊಂಟೆಫೀಕೊ, ಮೊಂಟೆಸ್ತೇಫನೊ.

ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ತಳಿ ಒಂದೇ. ವೈನ್ ಮಾಡುವ ಕೈ ಒಂದೇ. ದೊಡ್ಡ ಹಳೇ ಮರದ ಪೀಪಾಯಿಗಳಲ್ಲಿ ಮೂರು ವರ್ಷ, ಆಮೇಲೆ ಬಾಟಲಿಯಲ್ಲಿ ಒಂದು ವರ್ಷ, ಎಲ್ಲಕ್ಕೂ ಅದೇ ಕ್ರಮ. ಬೆಲೆಯೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಗುಡ್ಡ ಮಾತ್ರ.

ಗುಡ್ಡ ಬದಲಾದರೆ ಏನಾಗುತ್ತದೆ?

ಬಾಬಾಬುಡನ್‌ಗಿರಿಯ ಅರೇಬಿಕಾಕ್ಕೂ ಕೊಡಗಿನ ಅರೇಬಿಕಾಕ್ಕೂ ವ್ಯತ್ಯಾಸ ಇದೆ ಅಂದರೆ ನಾವು ಒಪ್ಪುತ್ತೇವೆ, ಅಲ್ವಾ? ಆದರೆ ಒಂದೇ ಹಳ್ಳಿಯ ಎರಡು ಗುಡ್ಡಗಳ ನಡುವೆ, ಹತ್ತು ನಿಮಿಷ ನಡೆದರೆ ಸಿಗುವ ದೂರದಲ್ಲಿ, ರುಚಿ ಬೇರೆ ಅಂದರೆ ನಂಬುವುದು ಕಷ್ಟ. ನನಗೂ ಕಷ್ಟವಾಗಿತ್ತು.

ಇದಕ್ಕೆ ಅರ್ಧ ಕಾರಣ ನೆಬ್ಬಿಯೋಲೊ ಗಿಡವೇ. ಅದು ಬೇಗ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ಕೊಯ್ಲು ಅಕ್ಟೋಬರಿನವರೆಗೂ ಎಳೆಯುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ಚಳಿ, ಮಂಜು ಇಳಿಯಲು ಶುರುವಾಗಿರುತ್ತದೆ. ಆ ಕೊನೆಯ ಎರಡು ಮೂರು ವಾರದಲ್ಲಿ ಯಾವ ಇಳಿಜಾರಿಗೆ ಎಷ್ಟು ಬಿಸಿಲು ಬಿತ್ತು ಎನ್ನುವುದು ಎಲ್ಲವನ್ನೂ ತೀರ್ಮಾನಿಸುತ್ತದೆ. ಅಲ್ಲಿನ ರೈತರ ಮಾತಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಸೊರೀ ಎನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಮೊದಲು ಕರಗುವ ಮಗ್ಗುಲು ಅದು. ಗುಡ್ಡದ ನೆತ್ತಿಗೆ ಬ್ರಿಕ್ಕೊ. ಈ ಎರಡು ಪದ ಬೇರೆ ಮನೆತನಗಳ ಲೇಬಲ್‌ಗಳ ಮೇಲೂ ಆಗಾಗ ಕಾಣುತ್ತವೆ.

ಇನ್ನರ್ಧ ಮಣ್ಣು. ಈ ಗುಡ್ಡಗಳೆಲ್ಲ ಒಂದು ಕಾಲದಲ್ಲಿ ಸಮುದ್ರದ ತಳ. ನೀಲಿ ಬೂದು ಬಣ್ಣದ, ಸುಣ್ಣ ಬೆರೆತ ಜೇಡಿಮಣ್ಣು. ಮಣ್ಣು ಗಟ್ಟಿಯಾಗಿ ಸುಣ್ಣ ಜಾಸ್ತಿ ಇದ್ದ ಕಡೆ ವೈನ್ ಬಿಗಿಯಾಗುತ್ತದೆ. ಮರಳು ಸೇರಿದ ಕಡೆ ಘಮ ಮುಂದೆ ಬರುತ್ತದೆ, ಒಗರು ತೆಳ್ಳಗಾಗುತ್ತದೆ. ಪಶ್ಚಿಮಕ್ಕೆ ತಾನರೊ ನದಿ ಹರಿಯುತ್ತದೆ. ನದಿ ಹತ್ತಿರದ ಇಳಿಜಾರುಗಳಲ್ಲಿ ಚಳಿ ಅಷ್ಟು ಕಡುವಾಗಿರುವುದಿಲ್ಲ, ಹಣ್ಣೂ ಸ್ವಲ್ಪ ಮೊದಲೇ ಮಾಗುತ್ತದೆ.

ಒಗರು ಅಂದೆನಲ್ಲ, ಇಡೀ ಆಯ್ಕೆ ಆ ಒಂದು ಪದದ ಮೇಲೆ ನಿಂತಿದೆ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದಂತಾಗುತ್ತದಲ್ಲ, ಅದು. ನೆಬ್ಬಿಯೋಲೊದ ಬಣ್ಣ ತೆಳು. ಗ್ಲಾಸಿನ ಹಿಂದೆ ಬೆರಳು ಇಟ್ಟರೆ ಕಾಣುವಷ್ಟು ತೆಳು. ಅದನ್ನು ನೋಡಿ ಹಗುರವಾದ ವೈನ್ ಎಂದುಕೊಂಡು ಕುಡಿದರೆ ಒಗರೂ ಹುಳಿಯೂ ಒಟ್ಟಿಗೆ ಬಂದು ಬಾಯಿ ಹಿಡಿಯುತ್ತವೆ. ವರ್ಷ ಕಳೆದ ಹಾಗೆ ಈ ಒಗರು ಕರಗುತ್ತದೆ, ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ, ಹಸಿ ಗುಲಾಬಿಯ ಘಮ ಗುಲ್ಕನ್ನಿನ ಕಡೆಗೆ ಹೋಗುತ್ತದೆ. ಜೊತೆಗೆ ಡಾಂಬರಿನಂಥ ಒಂದು ವಾಸನೆ. ಕೇಳಲು ವಿಚಿತ್ರ, ಆದರೆ ಹೊಸ ರಸ್ತೆಯ ಮೇಲೆ ಮೊದಲ ಮಳೆ ಬಿದ್ದಾಗಿನ ವಾಸನೆ ಇಷ್ಟಪಡುವವರಿಗೆ ಇದೂ ಇಷ್ಟವಾಗುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಒಗರು ನಿಮಗೆ ಎಷ್ಟು ಸೇರುತ್ತದೆ? ಬಾಟಲಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳಬಲ್ಲಿರಿ? ಗುಡ್ಡ ಎಷ್ಟು ಪ್ರಸಿದ್ಧ ಎನ್ನುವುದು ಇವೆರಡರ ನಂತರದ ಮಾತು.

ಮೆತ್ತಗಿನವು: ಪೊರಾ ಮತ್ತು ರಿಯೊ ಸೋರ್ದೊ

ಪೊರಾ ತಾನರೊ ನದಿಯ ಕಡೆಗೆ ಇಳಿಯುವ ಗುಡ್ಡ. ಇಲ್ಲಿನ ವೈನ್ ದುಂಡಗೆ, ಮೃದುವಾಗಿ ಬರುತ್ತದೆ. ಒಗರು ಇರುತ್ತದೆ, ಆದರೆ ನುಣ್ಣಗೆ. ಕೊಯ್ಲಾದ ಐದಾರು ವರ್ಷಕ್ಕೇ ಕುಡಿಯಲು ಸಿದ್ಧ. ನೆಬ್ಬಿಯೋಲೊ ಮೊದಲ ಸಲ ಕುಡಿಯುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಪೊರಾ. ಮೊದಲ ಗುಟುಕಿನಲ್ಲೇ ಮುಖ ಕಿವುಚಿಕೊಂಡರೆ ಎರಡನೇ ಬಾಟಲಿಯ ತನಕ ಯಾರೂ ಬರುವುದಿಲ್ಲ.

ರಿಯೊ ಸೋರ್ದೊ ಅಂದರೆ ಕಿವುಡು ತೊರೆ. ಹಳ್ಳಿಯಿಂದ ದಕ್ಷಿಣಕ್ಕೆ, ಉಳಿದ ಗುಡ್ಡಗಳಿಂದ ಸ್ವಲ್ಪ ಬೇರೆಯಾಗಿ ನಿಂತ ಇಳಿಜಾರು. ಪೊರಾದಷ್ಟೇ ಬೇಗ ಕುಡಿಯಲು ಸಿದ್ಧವಾಗುವ ವೈನ್, ಆದರೆ ಇನ್ನೂ ನಯ. ಹೂವಿನ ಘಮ ಜಾಸ್ತಿ, ಮೈ (ಬಾಯಲ್ಲಿ ಅನಿಸುವ ತೂಕ) ಸ್ವಲ್ಪ ಕಡಿಮೆ. ತಂದ ವಾರದಲ್ಲೇ ತೆಗೆಯಬೇಕು ಅಂದರೆ ಇವೆರಡರಲ್ಲಿ ಒಂದು. ಊಟಕ್ಕೆ ಮಾಂಸ ಇದ್ದರೆ ಪೊರಾ, ಇಲ್ಲದಿದ್ದರೆ ರಿಯೊ ಸೋರ್ದೊ.

ಪಕ್ಕದ ಮನೆಯವರು: ಅಸೀಲಿ ಮತ್ತು ರಬಾಯಾ

ಹೆಸರು ಮಾಡಿದ ಗುಡ್ಡಗಳು ಇವೇ. ಎರಡೂ ಅಕ್ಕಪಕ್ಕ, ಎರಡಕ್ಕೂ ದಕ್ಷಿಣ ನೈಋತ್ಯದ ಬಿಸಿಲು. ನಡುವೆ ಮಾರ್ತಿನೆಂಗಾ ಎಂಬ ಇನ್ನೊಂದು ಇಳಿಜಾರು ಇದೆ, ಅದು ಪೂರ್ತಿ ಮಾರ್ಕೇಸಿ ದಿ ಗ್ರೇಸಿ ಎಂಬ ಒಂದೇ ಮನೆತನದ ಕೈಯಲ್ಲಿದೆ.

ಅಸೀಲಿಯ ಗುಣ ನಾಜೂಕು. ಘಮ ಗ್ಲಾಸಿನಿಂದ ತಾನಾಗಿಯೇ ಮೇಲೆ ಬರುತ್ತದೆ. ಒಗರು ಎಷ್ಟು ಸಣ್ಣಗಿರುತ್ತದೆ ಅಂದರೆ ರೇಷ್ಮೆ ಎಳೆ ಮುಟ್ಟಿದಂತೆ. ಅದರಿಂದ ಮೋಸ ಹೋಗಬೇಡಿ. ಮೆತ್ತಗೆ ಕಂಡರೂ ಅಸೀಲಿ ಇಪ್ಪತ್ತು ವರ್ಷ ಆರಾಮಾಗಿ ಇರುತ್ತದೆ. ಬ್ರೂನೊ ಜಾಕೋಸಾ ಎಂಬ ಹೆಸರಾಂತ ವೈನ್‌ಗಾರ ತಮ್ಮ ಕೆಂಪು ಲೇಬಲ್ಲಿನ ರಿಸರ್ವಾ (ಅಂದರೆ ಹೆಚ್ಚು ಕಾಲ ಮಾಗಿಸಿದ) ಬಾಟಲಿಗಳಲ್ಲಿ ಈ ಗುಡ್ಡವನ್ನು ಜಗತ್ತಿಗೆ ತೋರಿಸಿದರು. ಅವರು 2018ರಲ್ಲಿ ತೀರಿಕೊಂಡರು. ಆ ಬಾಟಲಿಗಳ ಬೆಲೆ ಈಗ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಅದೇ ಗುಡ್ಡದ ವೈನ್ ಸಂಘದಲ್ಲಿ ಅದರ ಒಂದು ಸಣ್ಣ ಪಾಲಿನ ಬೆಲೆಗೆ ಸಿಗುತ್ತದೆ ಎನ್ನುವುದು ನನಗೆ ಇವತ್ತಿಗೂ ದೊಡ್ಡ ಸಂತೋಷ.

ರಬಾಯಾ ಇನ್ನೂ ತುಂಬಿದ ವೈನ್. ಘಮ, ಹುಳಿ, ಒಗರು, ಮೈ, ಯಾವುದೂ ಕಡಿಮೆ ಇಲ್ಲ, ಯಾವುದೂ ಉಳಿದದ್ದನ್ನು ಮುಚ್ಚುವುದಿಲ್ಲ. ಒಂದೇ ಬಾಟಲಿ ಕೊಂಡು ಬಾರ್ಬರೆಸ್ಕೊ ಅಂದರೆ ಏನು ಎಂದು ತಿಳಿಯಬೇಕು ಅನ್ನುವವರಿಗೆ ಸರಿಯಾದ ಉತ್ತರ ರಬಾಯಾ. ಕೊಯ್ಲಾದ ಎಂಟು ಹತ್ತು ವರ್ಷಕ್ಕೆ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.

ತೊಂದರೆ ಏನೆಂದರೆ, ಈ ಎರಡು ಹೆಸರು ಎಲ್ಲರಿಗೂ ಗೊತ್ತು. ಊರಿನಿಂದ ಹೊರಗೆ ಹೋದಂತೆ ಕೆಲವು ಅಂಗಡಿಗಳು ಇವಕ್ಕೆ ಮಾತ್ರ ಜಾಸ್ತಿ ದುಡ್ಡು ಹಾಕುತ್ತವೆ. ಹಾಗೆ ಕಂಡರೆ ಮುಂದಿನ ಮೂರಕ್ಕೆ ಹೋಗಿ.

ಜನ ದಾಟಿ ಹೋಗುವ ಮೂರು

ಪಾಯೆ ಸಣ್ಣ ಜಾಗ. ವೈನ್ ಚುರುಕು, ಹುಳಿ ಮುಂದೆ, ಕೆಂಪು ಹಣ್ಣಿನ ರುಚಿ. ಮುಂಕಗೋಟಾವನ್ನು ಹಿಂದೆ ಮೊಕ್ಕಗಾಟಾ ಎಂದು ಬರೆಯುತ್ತಿದ್ದರು, ಈಗ ಪಿಯೆಮೊಂಟೆಯ ಊರಮಾತಿನ ರೂಪದಲ್ಲಿ ಬರೆಯುತ್ತಾರೆ. ಹಳೆ ಬಾಟಲಿಯ ಮೇಲೆ ಬೇರೆ ಹೆಸರು ಕಂಡರೆ ಗಾಬರಿ ಬೇಡ. ಮಣ್ಣಿನ ವಾಸನೆ, ಸ್ವಲ್ಪ ಮಸಾಲೆಯ ಘಮ ಇರುವ ನಡುವಿನ ದಾರಿಯ ವೈನ್. ಒಂಬತ್ತರಲ್ಲಿ ನನ್ನ ಮನಸ್ಸಿನಲ್ಲಿ ಕಡಿಮೆ ನಿಂತದ್ದು ಇದೇ ಎಂದು ಒಪ್ಪಿಕೊಳ್ಳುತ್ತೇನೆ.

ಓವೆಲ್ಲೊ ಮಾತ್ರ ಬೇರೆ ಮಾತು. ಒಂಬತ್ತರಲ್ಲಿ ಎಲ್ಲಕ್ಕಿಂತ ಉತ್ತರಕ್ಕೆ ಇರುವುದು ಇದು. ಹುಳಿ ಗರಿಗರಿಯಾಗಿ, ಒಗರು ಚುರುಕಾಗಿ, ಬಾಯಿ ತೊಳೆದಂತೆ ಮಾಡುವ ವೈನ್. ಒಂದು ಗುಟುಕು ಕುಡಿದರೆ ಇನ್ನೊಂದು ತುತ್ತು ತಿನ್ನಬೇಕು ಅನಿಸುತ್ತದೆ. ಬಿಸಿಲು ಜಾಸ್ತಿಯಾದ ವರ್ಷಗಳಲ್ಲಿ ದಕ್ಷಿಣದ ಗುಡ್ಡಗಳ ವೈನ್ ಸ್ವಲ್ಪ ಭಾರವಾಗುವಾಗ ಓವೆಲ್ಲೊ ತನ್ನ ತಾಜಾತನ ಉಳಿಸಿಕೊಳ್ಳುತ್ತದೆ. ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಗುಣವಲ್ಲ. ನನ್ನ ದುಡ್ಡಿನಲ್ಲಿ ನಾನು ಹೆಚ್ಚು ಸಲ ಕೊಂಡಿರುವುದು ಇದನ್ನೇ.

ತಾಳ್ಮೆ ಕೇಳುವವು: ಮೊಂಟೆಫೀಕೊ ಮತ್ತು ಮೊಂಟೆಸ್ತೇಫನೊ

ಹಳ್ಳಿಯ ಆಚೆ ಮಗ್ಗುಲಿನಲ್ಲಿ, ಗಟ್ಟಿ ಸುಣ್ಣದ ಮಣ್ಣಿನ ಮೇಲೆ ಇವೆರಡು. ಮೊಂಟೆಫೀಕೊ ಮೊದಮೊದಲು ತುಂಬ ಬಿಗಿ, ಮಾತೇ ಆಡುವುದಿಲ್ಲ. ಮೊಂಟೆಸ್ತೇಫನೊ ಇಡೀ ಹಳ್ಳಿಯಲ್ಲೇ ಬಲವಾದ ವೈನ್. ಬಾರ್ಬರೆಸ್ಕೊದೊಳಗಿನ ಬರೋಲೊ ಎಂದು ಅದನ್ನು ಕರೆಯುವವರು ಬಹಳ ಜನ ಇದ್ದಾರೆ. ಕಪ್ಪು ಹಣ್ಣು, ಡಾಂಬರು, ಕಬ್ಬಿಣದಂಥ ಬಿಗಿತ. ಹತ್ತು ವರ್ಷಕ್ಕೆ ಮುಂಚೆ ತೆಗೆದರೆ ಅದರ ಅರ್ಧವೂ ಸಿಗುವುದಿಲ್ಲ. ಒಳ್ಳೆಯ ವರ್ಷದ್ದಾದರೆ ಇಪ್ಪತ್ತು ಇಪ್ಪತ್ತೈದು ವರ್ಷ ಬೆಳೆಯುತ್ತಲೇ ಇರುತ್ತದೆ.

ನಾನು ಒಂದು ಸಲ ಐದೇ ವರ್ಷದ ಮೊಂಟೆಸ್ತೇಫನೊ ತೆಗೆದಿದ್ದೆ. ಅವತ್ತು ಬಂದ ನೆಂಟರು ಔಪಚಾರಿಕವಾಗಿ ಅರ್ಧ ಗ್ಲಾಸ್ ಕುಡಿದು ಇಟ್ಟುಬಿಟ್ಟರು. ವೈನ್ ಕೆಟ್ಟಿರಲಿಲ್ಲ, ಇನ್ನೂ ಬಲಿತಿರಲಿಲ್ಲ ಅಷ್ಟೆ.

ಇಡಲು ಜಾಗ ಇದೆಯೇ?

ಈ ಪ್ರಶ್ನೆಯನ್ನು ಇಟಲಿಯವರ ಬರಹಗಳಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಅಲ್ಲಿ ಮನೆಗೊಂದು ತಂಪು ನೆಲಮಾಳಿಗೆ ಇರುತ್ತದೆ. ನಮಗೆ ಇದೇ ದೊಡ್ಡ ಪ್ರಶ್ನೆ. ವರ್ಷಗಟ್ಟಲೆ ಇಡುವ ವೈನಿಗೆ 13ರಿಂದ 15 ಡಿಗ್ರಿ ಬೇಕು, ಅದೂ ಏರಿಳಿತ ಇಲ್ಲದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅಲಮಾರಿಯೊಳಗೇ 30 ಡಿಗ್ರಿ. ಮಂಗಳೂರು, ಕಲಬುರಗಿಯ ಮಾತು ಬೇಡವೇ ಬೇಡ. ಅಂಥ ಒಂದು ಬೇಸಿಗೆ ಸಾಕು, ಹತ್ತು ವರ್ಷ ಕಾಯಬೇಕಾದ ವೈನ್ ಬೇಯಿಸಿದ ಹಣ್ಣಿನ ರುಚಿಗೆ ಬಂದುಬಿಡುತ್ತದೆ. ಮನೆಯ ಫ್ರಿಜ್ಜು ಕೆಲವು ತಿಂಗಳಿಗೆ ಪರವಾಗಿಲ್ಲ, ವರ್ಷಗಳಿಗೆ ಆಗುವುದಿಲ್ಲ. ತುಂಬ ತಣ್ಣಗೆ, ತುಂಬ ಒಣ, ಬಿರಡೆ ಒಣಗುತ್ತದೆ.

ಹಾಗಾಗಿ ವೈನ್ ಇಡುವ ತಂಪು ಪೆಟ್ಟಿಗೆ ಮನೆಯಲ್ಲಿ ಇಲ್ಲದಿದ್ದರೆ ಹೊಸ ವರ್ಷದ ಮೊಂಟೆಸ್ತೇಫನೊ, ಮೊಂಟೆಫೀಕೊ ತರಬೇಡಿ. ಎಷ್ಟೇ ಹೊಗಳಿಕೆ ಓದಿದ್ದರೂ ಬೇಡ. ಅದೇ ಗುಡ್ಡದ ಹಳೇ ವರ್ಷದ ಬಾಟಲಿ ಸಿಕ್ಕರೆ ತನ್ನಿ. ಇಲ್ಲಾಂದರೆ ಪೊರಾ, ರಿಯೊ ಸೋರ್ದೊ ತಂದು ಆ ವರ್ಷವೇ ಕುಡಿಯಿರಿ. ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಇರುವವರಿಗೆ ತಂಪಾದ ನೆಲಮಾಳಿಗೆ ಇದ್ದರೆ ಈ ಚಿಂತೆ ಇಲ್ಲ.

ಇಲ್ಲಿನ ಅಂಗಡಿಯಲ್ಲಿ ಕೊಳ್ಳುವಾಗಲೂ ಇದೇ ಎಚ್ಚರ. ಒಮ್ಮೆ ಒಂದು ದೊಡ್ಡ ಅಂಗಡಿಯಲ್ಲಿ ಒಳ್ಳೆಯ ಬಾಟಲಿಯೊಂದು ಕಿಟಕಿ ಪಕ್ಕ, ಮೇಲೆ ಉರಿಯುವ ದೀಪದ ಕೆಳಗೆ ನೆಟ್ಟಗೆ ನಿಂತಿತ್ತು. ಆಸೆಯಿಂದ ತಂದೆ. ಬಿರಡೆ ಅರ್ಧ ಮೇಲೆ ಎದ್ದಿತ್ತು, ಗುಲಾಬಿ ಹೋಗಿ ಒಣದ್ರಾಕ್ಷಿ ಮಾತ್ರ ಉಳಿದಿತ್ತು. ಆಮದು ಸುಂಕ, ರಾಜ್ಯದ ತೆರಿಗೆ ಎಲ್ಲ ಸೇರಿ ಇಲ್ಲಿ ಬೆಲೆ ಎಷ್ಟೋ ಪಟ್ಟು ಆಗಿರುತ್ತದೆ. ಅಷ್ಟು ಕೊಡುವವರು ಬಾಟಲಿ ಎಲ್ಲಿ ಮಲಗಿತ್ತು ಎಂದು ಕೇಳಲು ಸಂಕೋಚಪಡಬೇಕಿಲ್ಲ.

ವರ್ಷ, ಮತ್ತು ಬೇರೆ ಆಯ್ಕೆಗಳು

ಲೇಬಲ್ಲಿನ ಮೇಲಿನ ವರ್ಷ ಅಂದರೆ ಹಣ್ಣು ಕೊಯ್ದ ವರ್ಷ. 2016 ನೆಬ್ಬಿಯೋಲೊಗೆ ಬಹಳ ದೊಡ್ಡ ವರ್ಷ, ಎಲ್ಲವೂ ಅಳತೆಯಲ್ಲಿ ಬಂತು. 2019 ಅದಕ್ಕೆ ಹತ್ತಿರ. 2013 ತಂಪು, ಹಳೇ ಕಾಲದ ಬಿಗಿ ವೈನ್ ಕೊಟ್ಟ ವರ್ಷ. 2015 ಮತ್ತು 2017 ಬಿಸಿ ವರ್ಷಗಳು, ವೈನ್ ತುಂಬಿಕೊಂಡು ಬೇಗ ಕುಡಿಯಲು ಸಿದ್ಧವಾಗುತ್ತದೆ. 2014ರಲ್ಲಿ ಬರೋಲೊ ಕಡೆ ಮಳೆ ಬಹಳ ಕಾಡಿತು, ಬಾರ್ಬರೆಸ್ಕೊದಲ್ಲಿ ಅಷ್ಟಿರಲಿಲ್ಲ. ಆ ವರ್ಷದ ಹೆಸರು ಕೇಳಿ ಓಡಿಹೋಗುವವರಿಂದ ಇಲ್ಲಿ ಒಳ್ಳೆಯ ಬಾಟಲಿ ಕಡಿಮೆ ಬೆಲೆಗೆ ಸಿಗಬಹುದು. ಬಿಸಿ ವರ್ಷವಾದರೆ ಓವೆಲ್ಲೊ, ಪಾಯೆ ಕಡೆ ನೋಡಿ. ತಂಪು ವರ್ಷವಾದರೆ ಪೊರಾ, ಅಸೀಲಿ.

ಹವಾಮಾನ ಕೈಕೊಟ್ಟ ವರ್ಷಗಳಲ್ಲಿ ಸಂಘ ಈ ಒಂಬತ್ತನ್ನು ಬೇರೆಯಾಗಿ ಮಾಡುವುದೇ ಇಲ್ಲ. ಆ ಗುಡ್ಡಗಳ ಹಣ್ಣೆಲ್ಲ ಅವರ ಸಾದಾ ಬಾರ್ಬರೆಸ್ಕೊಗೆ ಸೇರುತ್ತದೆ. ಬೆಲೆ ಮಾತ್ರ ಸಾದಾದ್ದೇ. ಅಂಥ ವರ್ಷ ಯಾವುದು ಎಂದು ಅಂಗಡಿಯವರನ್ನು ಕೇಳಿ, ಗೊತ್ತಾದರೆ ಸಾದಾ ಬಾಟಲಿಯನ್ನೇ ತಗೊಳ್ಳಿ. ಗುಡ್ಡದ ಹೆಸರು ಇಲ್ಲ ಎಂದು ಅದನ್ನು ಕೀಳಾಗಿ ನೋಡಬಾರದು. ಪಕ್ಕದ ಬರೋಲೊದಲ್ಲಿ ಬಾರ್ತೊಲೊ ಮಾಸ್ಕರೆಲ್ಲೊ ಎಂಬ ಹಿರಿಯರು ನಾಲ್ಕು ಇಳಿಜಾರುಗಳ ಹಣ್ಣು ಸೇರಿಸಿದರೇ ಪೂರ್ಣ ವೈನ್ ಎಂದು ಕೊನೆಯವರೆಗೂ ನಂಬಿದ್ದರು. ಅವರ ವೈನ್ ಕುಡಿದವರು ಅದು ತಪ್ಪು ಎನ್ನಲಾರರು.

ಬರೋಲೊ ಜೊತೆ ಹೋಲಿಕೆ ಮಾಡಿ ಎಂದು ಬಹಳ ಜನ ಕೇಳುತ್ತಾರೆ. ತಳಿ ಅದೇ ನೆಬ್ಬಿಯೋಲೊ. ನಿಯಮದ ಪ್ರಕಾರ ಬಾರ್ಬರೆಸ್ಕೊ ಕನಿಷ್ಠ 26 ತಿಂಗಳು ಮಾಗಬೇಕು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ. ಬರೋಲೊಗೆ 38 ತಿಂಗಳು, ಅದರಲ್ಲಿ 18 ಮರದಲ್ಲಿ. ರಿಸರ್ವಾ ಎನ್ನಬೇಕಾದರೆ ಬಾರ್ಬರೆಸ್ಕೊಗೆ 50 ತಿಂಗಳು, ಬರೋಲೊಗೆ 62. ಸಂಘದ ಒಂಬತ್ತೂ ರಿಸರ್ವಾಗಳೇ. ಕಾಯುವ ತಾಳ್ಮೆ, ಜಾಗ, ದುಡ್ಡು ಮೂರೂ ಇದ್ದರೆ ಬರೋಲೊ. ಇಲ್ಲದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಬಾರ್ಬರೆಸ್ಕೊ.

ಬಾರ್ಬರೆಸ್ಕೊ ಹಳ್ಳಿಯದೇ ಗಾಯಾ ಮನೆತನದ ಬಾಟಲಿಗಳು ಬೇರೆ ಲೋಕ. ಸೊರೀ ಸಾನ್ ಲೊರೆಂತ್ಸೊ ಎಂಬ ಅವರ ಇಳಿಜಾರಿನ ವೈನ್ ಶುರುವಾದದ್ದೂ 1967ರಲ್ಲೇ. 1996ರ ಕೊಯ್ಲಿನಿಂದ ತಮ್ಮ ಮೂರು ಇಳಿಜಾರುಗಳ ವೈನನ್ನು ಬಾರ್ಬರೆಸ್ಕೊ ಎಂಬ ಹೆಸರಿಲ್ಲದೆ ಮಾರಿದರು, ಬೇರೆ ತಳಿಯ ಸ್ವಲ್ಪ ದ್ರಾಕ್ಷಿ ಸೇರಿಸಲು. 2013ರ ಕೊಯ್ಲಿನಿಂದ ಮತ್ತೆ ಆ ಹೆಸರಿಗೆ ಬಂದರು. ಹಳೇ ಬಾಟಲಿಯ ಮೇಲೆ ಊರಿನ ಹೆಸರು ಇಲ್ಲದಿದ್ದರೆ ನಕಲಿ ಎಂದುಕೊಳ್ಳಬೇಡಿ. ಆದರೆ ಬೇರೆ ಬೇರೆ ಮನೆತನಗಳ ಬಾಟಲಿ ಹೋಲಿಸುವಾಗ ನೀವು ರುಚಿ ನೋಡುತ್ತಿರುವುದು ಗುಡ್ಡವನ್ನೋ ಕೈಯನ್ನೋ ಎಂದು ಹೇಳುವುದು ಕಷ್ಟ. ಹೊಸ ಸಣ್ಣ ಪೀಪಾಯಿ ಬಳಸುವವರ ವೈನಿನಲ್ಲಿ ಮರದ, ವೆನಿಲಾದ ವಾಸನೆ ಸೇರುತ್ತದೆ. ಗುಡ್ಡಗಳ ಪರಿಚಯ ಆಗುವ ತನಕ ಒಂದೇ ಕೈಯ ಬಾಟಲಿಗಳನ್ನು ಹಿಡಿದುಕೊಳ್ಳುವುದು ಒಳ್ಳೆಯದು.

ಲೇಬಲ್ಲಿನಲ್ಲಿ ಇನ್ನೊಂದು ವಿಷಯ. 2007ರಿಂದ ಬಾರ್ಬರೆಸ್ಕೊ ಪ್ರದೇಶದ ಗುಡ್ಡಗಳಿಗೆ ಅಧಿಕೃತ ಗಡಿ ಇದೆ, ಒಟ್ಟು 66. ಅದರಲ್ಲಿ ಕೆಲವು ಸಣ್ಣವು, ಕೆಲವು ಬಹಳ ದೊಡ್ಡವು. ಹೆಸರಿದೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಮಟ್ಟದ್ದಲ್ಲ.

ಕುಡಿಯುವ ದಿನ

ವಿಮಾನದಲ್ಲಿ ಬಂದ ಬಾಟಲಿಯನ್ನು ಎರಡು ಮೂರು ವಾರ ಮಲಗಿಸಿ ಇಡಿ. ತೆಗೆಯುವ ದಿನ ಬೆಳಗ್ಗೆ ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕೆ ಇಳಿಯುತ್ತದೆ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕೆಂಪು ವೈನ್ ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಎನ್ನುತ್ತಾರಲ್ಲ, ಆ ಕೋಣೆ ನಮ್ಮ ಊರಿನದಲ್ಲ. 16ರಿಂದ 18 ಡಿಗ್ರಿ ಸರಿ. ಎಳೇ ವರ್ಷದ್ದಾದರೆ ಅಗಲ ಬಾಯಿಯ ಗಾಜಿನ ಹೂಜಿಗೆ ಬಗ್ಗಿಸಿ ಎರಡು ಗಂಟೆ ಬಿಡಿ.

ಊಟಕ್ಕೆ ಅಲ್ಲಿಯವರು ಮೊಟ್ಟೆಯ ಹಳದಿ ಹಾಕಿ ಕಲಸಿದ ತೆಳ್ಳನೆಯ ತಯರೀನ್ ಶಾವಿಗೆಯನ್ನು ಬೆಣ್ಣೆಯ ಜೊತೆ ಮಾಡುತ್ತಾರೆ, ಶರತ್ಕಾಲದಲ್ಲಿ ಮೇಲೆ ಆಲ್ಬಾದ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆ ಹೆರೆದು ಹಾಕುತ್ತಾರೆ. ನಮ್ಮ ಮನೆಯಲ್ಲಿ ಬೆಣ್ಣೆಯಲ್ಲಿ ಹುರಿದ ಅಣಬೆ, ಕರಿಮೆಣಸು ಹಾಕಿದ ಮಟನ್, ತುಪ್ಪದ ಪಲಾವ್ ಚೆನ್ನಾಗಿ ಹೊಂದುತ್ತವೆ. ಒಣಮೆಣಸಿನಕಾಯಿಯ ಖಾರ ಮಾತ್ರ ಬೇಡ. ಒಗರೂ ಖಾರವೂ ಸೇರಿದರೆ ಎರಡೂ ಉರಿಯುತ್ತವೆ, ವೈನ್ ಕಹಿಯಾಗುತ್ತದೆ.

ಇನ್ನು ಯಾವ ಎರಡು? ಒಂದು ಈಗ, ಒಂದು ಮುಂದೆ ಎನ್ನುವವರಿಗೆ ರಿಯೊ ಸೋರ್ದೊ ಮತ್ತು ರಬಾಯಾ. ಊಟದ ಜೊತೆಗೇ ಬೇಕು ಎನ್ನುವವರಿಗೆ ಓವೆಲ್ಲೊ ಎರಡು. ಉಡುಗೊರೆಗಾದರೆ ಅಸೀಲಿ. ಗುಡ್ಡಗಳ ವ್ಯತ್ಯಾಸ ಒಂದೇ ಸಂಜೆ ಬಾಯಲ್ಲೇ ಗೊತ್ತಾಗಬೇಕು ಎನ್ನುವವರಿಗೆ ಪೊರಾ ಮತ್ತು ಮೊಂಟೆಸ್ತೇಫನೊ, ಎರಡೂ ಒಂದೇ ವರ್ಷದ್ದು, ಆದಷ್ಟು ಹಳೇದು. ಅಸೀಲಿ ಮತ್ತು ರಬಾಯಾ ಪಕ್ಕಪಕ್ಕ ಇಟ್ಟು ನೋಡುವುದು ಎರಡನೇ ಪಾಠ, ಮೊದಲನೆಯದಲ್ಲ.

ಅಕ್ಕನ ಮಗನಿಗೆ ನಾನು ಪೊರಾ, ಮೊಂಟೆಸ್ತೇಫನೊ ತರಲು ಹೇಳಿದೆ. ಒಂದು ಭಾನುವಾರ ರಾತ್ರಿ ಎರಡನ್ನೂ ತೆಗೆದೆವು. ಅಕ್ಕ, ಭಾವ, ಅವನು, ನಾನು. ಪೊರಾ ಊಟ ಮುಗಿಯುವ ಮುಂಚೆಯೇ ಖಾಲಿ. ಮೊಂಟೆಸ್ತೇಫನೊವನ್ನು ಭಾವ ಎರಡು ಸಲ ಮೂಸಿ, "ಇದು ಇನ್ನೂ ಕಾಯಿ ಕಣಮ್ಮ" ಎಂದು ಪಕ್ಕಕ್ಕಿಟ್ಟರು. ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟೆ.

ಮರುದಿನ ಸಂಜೆ ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಸುರಿದೆ. ಬಿಗಿ ಸಡಿಲವಾಗಿತ್ತು. ಗುಲಾಬಿ, ಒಣಗಿದ ಕಿತ್ತಳೆ ಸಿಪ್ಪೆ, ಆ ಡಾಂಬರು, ಹಿಂದಿನ ರಾತ್ರಿ ಮುಚ್ಚಿಕೊಂಡಿದ್ದೆಲ್ಲ ಒಂದೊಂದಾಗಿ ಬಂತು. ಫೋನ್ ಮಾಡಿದೆ. ಭಾವ ಆಫೀಸಿನಿಂದ ನೇರವಾಗಿ ನಮ್ಮ ಮನೆಗೇ ಬಂದರು, ಕೊನೆಯ ಗ್ಲಾಸ್ ಅವರದ್ದೇ ಆಯಿತು.